ಬಿಗ್ ಬೆಂಡ್‌ಗೆ ಆರ್‌ವಿಯಲ್ಲಿ ಹೋಗುತ್ತೀರಾ? ಮೊದಲು ಗಾಡಿಯ ಉದ್ದ ನೋಡಿ

ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆಮನೆ ಎಲ್ಲಾ ಇರುವ ಗಾಡಿ, ಬಾಡಿಗೆಗೆ ಹುಡುಕುವಾಗ ಎಲ್ಲರೂ ಮೊದಲು ನೋಡೋದು ಎಷ್ಟು ಜನ ಮಲಗಬಹುದು ಅಂತ. ಟೆಕ್ಸಾಸ್‌ನ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ಗೆ ಹೋಗೋದಾದರೆ ದಯವಿಟ್ಟು ಗಾಡಿಯ ಉದ್ದ ಎಷ್ಟು ಅಂತ ಮೊದಲು ಕೇಳಿ. 24 ಅಡಿಗಿಂತ ಉದ್ದದ ಆರ್‌ವಿ, 20 ಅಡಿಗಿಂತ ಉದ್ದದ ಟ್ರೇಲರ್, ಇವೆರಡನ್ನೂ ಬೆಟ್ಟಗಳ ನಡುವಿನ ಚಿಸೋಸ್ ಬೇಸಿನ್ ಕಡೆಗೆ ತರಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಬಿಸಿಲುಕಾಲದಲ್ಲಿ ಆ ಪಾರ್ಕಿನಲ್ಲಿ ಸ್ವಲ್ಪ ತಂಪು ಸಿಗೋದು ಆ ಬೇಸಿನ್‌ನಲ್ಲೇ. ಗಾಡಿಯ ಎಸಿಗೆ ಕರೆಂಟ್ ಸಿಗೋದು ಕೆಳಗೆ ನದಿ ಹತ್ತಿರ, ತಂಪು ಇರೋದು ಮೇಲೆ ಬೆಟ್ಟದಲ್ಲಿ. ಎರಡಕ್ಕೂ ಹೋಗಬಲ್ಲ ಗಾಡಿ ಇದ್ದರೆ ಪ್ರವಾಸ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ಮಧ್ಯಾಹ್ನವೆಲ್ಲಾ ಗಾಡಿಯೊಳಗೆ ಪರದೆ ಎಳೆದುಕೊಂಡು ಕೂರಬೇಕು.

ನಾವು ಆಸ್ಟಿನ್‌ನಿಂದ ಏಪ್ರಿಲ್ ಕೊನೆಯಲ್ಲಿ ಹೋಗಿದ್ದೆವು. ಬಳ್ಳಾರಿಯಿಂದ ಅಪ್ಪ ಅಮ್ಮ ಬಂದಿದ್ದರು, ಜೊತೆಗೆ ನಾವಿಬ್ಬರು, ಮಗಳು. ತಗೊಂಡಿದ್ದು 22 ಅಡಿಯ ಕ್ಲಾಸ್ ಸಿ ಗಾಡಿ, ಅಂದರೆ ಡ್ರೈವರ್ ತಲೆಯ ಮೇಲೆ ಒಂದು ಹಾಸಿಗೆ ಇರುತ್ತದಲ್ಲ, ಆ ಥರದ್ದು. ಐದು ಜನಕ್ಕೆ ಇಕ್ಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಒಬ್ಬರು ಹಲ್ಲುಜ್ಜಬೇಕಾದರೆ ಇನ್ನೊಬ್ಬರು ಹಾಸಿಗೆ ಮೇಲೆ ಹತ್ತಿ ಕೂರಬೇಕು. ಆದರೂ ಮತ್ತೆ ಹೋದರೆ ಇದೇ ಅಳತೆಯದ್ದನ್ನೇ ತಗೊಳ್ಳುತ್ತೇನೆ. 30 ಅಡಿಯ ಗಾಡಿಯಲ್ಲಿ ಬಂದ ಒಂದು ಕುಟುಂಬ ನಮ್ಮ ಪಕ್ಕದಲ್ಲೇ ಇತ್ತು. ಒಳಗೆ ಸೋಫಾ, ದೊಡ್ಡ ಬಾತ್‌ರೂಮ್, ಎಲ್ಲಾ ಇತ್ತು, ಆದರೆ ಬೇಸಿನ್‌ಗೆ ಹೋಗೋಕೆ ಬೇರೆ ಕಾರು ಇರಲಿಲ್ಲ. ಅಷ್ಟು ದೂರ ಬಂದು ಬೆಟ್ಟವನ್ನು ದೂರದಿಂದ ನೋಡಿಕೊಂಡು ಹೋದರು ಪಾಪ.

ಜಾಗದ ಬಗ್ಗೆ ಸ್ವಲ್ಪ. ಬಿಗ್ ಬೆಂಡ್ ಇರೋದು ಟೆಕ್ಸಾಸ್‌ನ ಪಶ್ಚಿಮ ತುದಿಯಲ್ಲಿ, ರಿಯೋ ಗ್ರಾಂಡೆ ನದಿ ದೊಡ್ಡ ತಿರುವು ತಗೊಳ್ಳುವ ಕಡೆ. ನದಿಯ ಆಚೆ ದಡ ಮೆಕ್ಸಿಕೋ. 1944ರಲ್ಲಿ ಪಾರ್ಕ್ ಆಯಿತು, ವಿಸ್ತೀರ್ಣ 3,200 ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಚಿಸೋಸ್ ಅನ್ನುವ ಒಂದಿಡೀ ಬೆಟ್ಟದ ಸಾಲು ಪಾರ್ಕಿನ ಒಳಗೇ ಇದೆ. ನದಿ ದಡದ ರಿಯೋ ಗ್ರಾಂಡೆ ವಿಲೇಜ್ ಸುಮಾರು 1,850 ಅಡಿ ಎತ್ತರದಲ್ಲಿದೆ, ಬೇಸಿನ್ 5,400 ಅಡಿ, ಅತಿ ಎತ್ತರದ ಎಮರಿ ಪೀಕ್ 7,825 ಅಡಿ. ಹಾಗಾಗಿ ಒಂದೇ ಹೊತ್ತಿನಲ್ಲಿ ನದಿ ಹತ್ತಿರಕ್ಕೂ ಬೆಟ್ಟದ ಮೇಲಕ್ಕೂ 20 ಡಿಗ್ರಿ ಫ್ಯಾರನ್‌ಹೀಟ್ ತನಕ ವ್ಯತ್ಯಾಸ ಇರಬಹುದು. ನಾವಿದ್ದಾಗ ಕೆಳಗೆ ಮಧ್ಯಾಹ್ನ 100 ದಾಟುತ್ತಿತ್ತು, ಅಂದರೆ 38 ಸೆಲ್ಸಿಯಸ್ ಮೇಲೆ. ಮೇ, ಜೂನ್ ಇಲ್ಲಿ ಅತಿ ಹೆಚ್ಚು ಬಿಸಿಲಿನ ತಿಂಗಳುಗಳು, ನದಿ ಪಕ್ಕದಲ್ಲಿ 110 ಆಗೋದು ಅಪರೂಪವೇನಲ್ಲ. ಜುಲೈಯಲ್ಲಿ ಮಳೆ ಮೋಡ ಬರೋಕೆ ಶುರುವಾಗಿ ಸ್ವಲ್ಪ ಇಳಿಯುತ್ತದೆ.

ಈಗ ಗಾಡಿ ನಿಲ್ಲಿಸುವ ಜಾಗಗಳು. ಪಾರ್ಕಿನ ಒಳಗೆ ನೀರು, ಕರೆಂಟ್, ಸಂಡಾಸಿನ ಪೈಪು ಮೂರೂ ಸಿಗೋದು ಒಂದೇ ಕಡೆ, ರಿಯೋ ಗ್ರಾಂಡೆ ವಿಲೇಜ್ ಆರ್‌ವಿ ಕ್ಯಾಂಪ್‌ಗ್ರೌಂಡ್‌ನಲ್ಲಿ. 25 ಜಾಗಗಳು ಅಷ್ಟೇ. ಅಂಗಡಿಯ ಪಕ್ಕದಲ್ಲೇ ಡಾಂಬರು ಹಾಕಿದ ಬಯಲು, ಸುತ್ತ ಮರಗಳಿವೆ. ಫೋಟೋದಲ್ಲಿ ನೋಡಿದರೆ ಕಾಡಿನ ಮಧ್ಯೆ ಟೆಂಟ್ ಹಾಕುವ ಕನಸು ಕಂಡವರಿಗೆ ಇಷ್ಟ ಆಗಲ್ಲ. ನನಗೆ ಇಷ್ಟ ಆಯಿತು, ಯಾಕೆ ಅಂತ ಹೇಳುತ್ತೇನೆ.

ಹತ್ತಿರದಲ್ಲೇ ಪಾರ್ಕ್ ಸರ್ವಿಸ್‌ನ (ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ಇನ್ನೊಂದು ಕ್ಯಾಂಪ್‌ಗ್ರೌಂಡ್ ಇದೆ, 100 ಜಾಗಗಳಿವೆ, ದೊಡ್ಡ ದೊಡ್ಡ ಕಾಟನ್‌ವುಡ್ ಮರಗಳ ನೆರಳು, ನೋಡೋಕೆ ತುಂಬಾ ಚೆಂದ. ಆದರೆ ಅಲ್ಲಿ ಕರೆಂಟ್ ಇಲ್ಲ. ಜನರೇಟರ್ ಹಾಕಬಹುದು, ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8 ಮಾತ್ರ. ಅಂದರೆ ಬಿಸಿಲು ತಲೆ ಸುಡುವ 2 ಗಂಟೆಯಿಂದ 4 ಗಂಟೆ ಹೊತ್ತಿಗೆ ಎಸಿ ಹಾಕುವ ಹಾಗೇ ಇಲ್ಲ. ಕೆಲವು ಸಾಲುಗಳಲ್ಲಿ ಜನರೇಟರ್ ಪೂರ್ತಿ ನಿಷೇಧ. ಚಳಿಗಾಲದಲ್ಲಿ ನಾನು ಕಣ್ಣುಮುಚ್ಚಿ ಆ ಜಾಗವನ್ನೇ ಆರಿಸುತ್ತೇನೆ. ಏಪ್ರಿಲ್ ದಾಟಿದ ಮೇಲೆ ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವವರು ಪ್ಲಗ್ ಇರುವ ಜಾಗವನ್ನೇ ಹಿಡಿಯಿರಿ. ಪಶ್ಚಿಮದ ಕಡೆ ಕಾಟನ್‌ವುಡ್ ಅನ್ನುವ ಸಣ್ಣ ಕ್ಯಾಂಪ್‌ಗ್ರೌಂಡೂ ಇದೆ, ಅಲ್ಲಿ ಜನರೇಟರ್ ಹಾಕುವ ಹಾಗೇ ಇಲ್ಲ, ಬಿಸಿಲಿನಲ್ಲಿ ಆರ್‌ವಿಗೆ ಅದು ಬೇಡ.

ಕರೆಂಟ್ ಇದೆ ಅಂದ ತಕ್ಷಣ ಎಲ್ಲಾ ಹಾಕಿಕೊಳ್ಳಬಹುದು ಅಂದುಕೊಳ್ಳಬೇಡಿ. ಬಾಡಿಗೆಯ ಸಣ್ಣ ಆರ್‌ವಿಗಳು ಹೆಚ್ಚಾಗಿ 30 ಆಂಪ್‌ನವು. ಮೇಲ್ಛಾವಣಿಯ ಎಸಿ ಒಂದೇ 12ರಿಂದ 15 ಆಂಪ್ ಎಳೆಯುತ್ತದೆ. ಅದರ ಜೊತೆ ಮೈಕ್ರೋವೇವ್, ಇಂಡಕ್ಷನ್ ಒಲೆ ಎರಡೂ ಹಾಕಿದರೆ ಬ್ರೇಕರ್ ಬೀಳುತ್ತದೆ. ನಾವು ಅಡುಗೆ ಹೊತ್ತಿಗೆ ಒಂದು ನಿಯಮ ಮಾಡಿಕೊಂಡಿದ್ದೆವು. ಇಂಡಕ್ಷನ್ ಇಟ್ಟುಕೊಳ್ಳಬೇಕು ಅಂದರೆ ಮೈಕ್ರೋವೇವ್ ಮುಟ್ಟಬಾರದು, ನೀರಿನ ಹೀಟರ್ ಗ್ಯಾಸ್‌ನಲ್ಲಿರಬೇಕು. ಅಡುಗೆಯೇ ಬೆಳಿಗ್ಗೆ 9ರ ಒಳಗೆ ಮುಗಿಯಬೇಕು. ಮಧ್ಯಾಹ್ನ ಗಾಡಿಯೊಳಗೆ ಒಲೆ ಹಚ್ಚಿದರೆ ಎಸಿ ಸೋತುಹೋಗುತ್ತದೆ. ಈ ಎಸಿಗಳು ಹೊರಗಿನದಕ್ಕಿಂತ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಮಾಡಿಕೊಟ್ಟರೆ ಅದೇ ದೊಡ್ಡದು. ಹೊರಗೆ 104 ಇದ್ದರೆ ಒಳಗೆ 84 ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಮನೆಯ ಥರ 74 ಸಿಗಲ್ಲ.

ಹಾಗಾಗಿ ಬಿಸಿಲು ಒಳಗೆ ಬರದ ಹಾಗೆ ನೋಡಿಕೊಳ್ಳೋದೇ ಮುಖ್ಯ. ಹೊಳೆಯುವ ಫಾಯಿಲ್ ಹಾಳೆ ಹೋಮ್ ಡಿಪೋದಲ್ಲಿ ರೋಲ್‌ಗಟ್ಟಲೆ ಸಿಗುತ್ತದೆ, ಕಿಟಕಿ ಅಳತೆಗೆ ಕತ್ತರಿಸಿ ಹಾಕಿ. ಮುಂದಿನ ದೊಡ್ಡ ಗಾಜಿಗಂತೂ ಬೇಕೇ ಬೇಕು, ಇಡೀ ಗಾಡಿ ಕಾಯೋದು ಅಲ್ಲಿಂದಲೇ. ಡ್ರೈವರ್ ಸೀಟಿನ ಹಿಂದೆ ಒಂದು ಹಳೇ ಬೆಡ್‌ಶೀಟ್ ಕಟ್ಟಿ ಬೇರೆ ಮಾಡಿದರೆ ಎಸಿಗೆ ಅರ್ಧ ಕೆಲಸ ಕಡಿಮೆ. ಎಸಿಯನ್ನು ಬೆಳಿಗ್ಗೆ ತಂಪಿರುವಾಗಲೇ ಶುರು ಮಾಡಿ. ಗಾಡಿ ಕಾದ ಮೇಲೆ ಹಾಕಿದರೆ ರಾತ್ರಿ ಎಂಟಾದರೂ ಅದು ತಣ್ಣಗಾಗಲ್ಲ.

ಬಾಡಿಗೆ ಕೊಟ್ಟ ಕಂಪನಿಯ ಬಗ್ಗೆ ನನಗೆ ಬೇಸರ ಇದೆ, ಹೆಸರು ಬೇಡ. ಎಸಿಯ ಫಿಲ್ಟರ್ ತೆಗೆದು ನೋಡಿದರೆ ಧೂಳು ಮೆತ್ತೆಯ ಹಾಗೆ ಕೂತಿತ್ತು, ತೊಳೆದ ಮೇಲೆ ಗಾಳಿ ಬರೋಕೆ ಶುರುವಾಯಿತು. ನೀರಿನ ಪೈಪಿನ ತುದಿಯಲ್ಲಿ ವಾಷರ್ ಇರಲಿಲ್ಲ, ಸೋರುತ್ತಿತ್ತು. ವೋಲ್ಟೇಜ್ ನೋಡಿಕೊಳ್ಳುವ ಸರ್ಜ್ ಪ್ರೊಟೆಕ್ಟರ್ ಕೊಟ್ಟಿರಲಿಲ್ಲ. 100 ಡಿಗ್ರಿ ಬಿಸಿಲಿಗೆ ಹೋಗುತ್ತಿದ್ದೇವೆ ಅಂತ ಮೊದಲೇ ಹೇಳಿದ್ದೆವು, ಆದರೂ ಹೀಗೆ. ಗಾಡಿ ತಗೊಳ್ಳುವಾಗ ಅವರು ಸೋಫಾ, ಟಿವಿ ತೋರಿಸುತ್ತಾ ಇರುತ್ತಾರೆ. ನೀವು ಎಸಿ ಅರ್ಧ ಗಂಟೆ ಓಡಿಸಿ ನೋಡಿ, ಟೈರ್‌ಗಳ ಮೇಲೆ ಇರುವ ತಯಾರಾದ ವರ್ಷ ನೋಡಿ, ಫ್ರಿಜ್ ಗ್ಯಾಸ್‌ನಲ್ಲೂ ಹತ್ತುತ್ತದಾ ನೋಡಿ. ಜನರೇಟರ್‌ಗೆ ಗಂಟೆಗಿಷ್ಟು, ಮೈಲಿಗಿಷ್ಟು ಅಂತ ಬೇರೆ ಹಣ ಇದೆಯಾ ಕೇಳಿ. ಆಸ್ಟಿನ್‌ನಿಂದ ಹೋಗಿ ಬರೋಕೇ ಹತ್ತಿರ ಹತ್ತಿರ 950 ಮೈಲಿ, ಒಳಗಿನ ಓಡಾಟ ಸೇರಿದರೆ ಸಾವಿರ ದಾಟುತ್ತದೆ. ಇಂಥ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡೋದು. ಪೆಟ್ರೋಲ್ ಲೆಕ್ಕವೂ ದೊಡ್ಡದಾಗುತ್ತದೆ, ಮೊದಲೇ ಹಾಕಿಕೊಳ್ಳಿ.

ಫ್ರಿಜ್ ವಿಷಯ ಅಮ್ಮನಿಗೆ ತುಂಬಾ ತಲೆಬಿಸಿ ಮಾಡಿತು. ಆರ್‌ವಿಯ ಗ್ಯಾಸ್-ಕರೆಂಟ್ ಎರಡರಲ್ಲೂ ಓಡುವ ಫ್ರಿಜ್‌ಗೆ ಮನೆಯ ಫ್ರಿಜ್‌ನಂತೆ ಕಂಪ್ರೆಸರ್ ಇರಲ್ಲ. ಶಾಖದಿಂದಲೇ ತಂಪು ಮಾಡುವ ಯಂತ್ರ ಅದು. ಗಾಡಿ ಸಮತಟ್ಟಾಗಿ ನಿಂತಿರಬೇಕು, ಹಿಂಭಾಗದ ಗಾಳಿಕಿಂಡಿಗೆ ನೇರ ಬಿಸಿಲು ಬೀಳಬಾರದು. ನಮ್ಮ ಕಿಂಡಿ ಇದ್ದಿದ್ದು ಪಶ್ಚಿಮಕ್ಕೆ. ಮೊದಲ ಸಂಜೆಗೇ ಮೊಸರು ಹುಳಿ ಬಂದಿತ್ತು. ಮಾರನೇ ದಿನ ಆ ಕಡೆ ಛತ್ರಿಯಂತೆ ಬಟ್ಟೆ ಕಟ್ಟಿದ ಮೇಲೆ ಸರಿ ಹೋಯಿತು. ಐಸ್ ಹಾಕಿದ ಒಂದು ಬೇರೆ ಕೂಲರ್ ಇಟ್ಟುಕೊಳ್ಳಿ, ಹಾಲು ಮೊಸರು ಅದರಲ್ಲಿ ಇಡಿ. ನಮ್ಮ ಊಟ ಸುಲಭದ್ದು. ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ಜೊತೆಗೇ ಕುಕ್ಕರ್‌ನಲ್ಲಿ ಅನ್ನ ಮಾಡಿ ಆರಲು ಬಿಟ್ಟು ಚಿತ್ರಾನ್ನ, ಮಧ್ಯಾಹ್ನಕ್ಕೆ ನೀರು ಮಜ್ಜಿಗೆ. ಚಟ್ನಿಪುಡಿ, ಉಪ್ಪಿನಕಾಯಿ ಮನೆಯಿಂದ. ಪಾರ್ಕಿನ ಅಂಗಡಿಯಲ್ಲಿ ಬ್ರೆಡ್, ಐಸ್, ತಂಪು ಪಾನೀಯ ಸಿಗುತ್ತದೆ, ತರಕಾರಿ ನಂಬಿಕೊಂಡು ಹೋಗಬೇಡಿ. ಫೋರ್ಟ್ ಸ್ಟಾಕ್ಟನ್‌ನಲ್ಲಿ ದೊಡ್ಡ ಅಂಗಡಿ ಇದೆ, ಕೊನೆಯ ಖರೀದಿ ಅಲ್ಲೇ ಮುಗಿಸಿ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ನಲ್ಲಿಗೆ ಜೋಡಿಸಿದ ಪೈಪು ಬಿಸಿಲಲ್ಲಿ ಬಿದ್ದಿರುತ್ತದೆ, ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದರೂ ಮೊದಲು ಬರೋದು ಬಿಸಿನೀರೇ. ಮಗಳ ಕೈ ಸುಡುವಷ್ಟು ಇತ್ತು. ಪೈಪನ್ನು ಗಾಡಿಯ ಅಡಿಗೆ, ನೆರಳಿಗೆ ತಳ್ಳಿ. ಸಂಡಾಸಿನ ತೊಟ್ಟಿಯ ವಾಲ್ವ್ ಮುಚ್ಚಿಯೇ ಇಡಿ, ಪೈಪು ಜೋಡಿಸಿದ್ದೇವೆ ಅಂತ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಉಳಿದು ಈ ಬಿಸಿಗೆ ತಡೆಯಲಾಗದ ವಾಸನೆ. ಮುಕ್ಕಾಲು ತುಂಬಿದ ಮೇಲೆ ಮೊದಲು ಅದನ್ನು ಬಿಡಿ, ಆಮೇಲೆ ಸ್ನಾನದ ನೀರಿನ ತೊಟ್ಟಿ ಬಿಟ್ಟರೆ ಪೈಪೂ ತೊಳೆದುಹೋಗುತ್ತದೆ. ಗ್ಲೌಸ್ ಮರೆಯಬೇಡಿ.

ಬೇಸಿನ್‌ಗೆ ಹೋದ ದಿನಗಳೇ ನಮ್ಮ ಪ್ರವಾಸದ ಅತಿ ಒಳ್ಳೆಯ ದಿನಗಳು. ಬೆಳಿಗ್ಗೆ ಬೇಗ ಪ್ಲಗ್, ಪೈಪು ಬಿಚ್ಚಿ, ಕಪಾಟುಗಳಿಗೆಲ್ಲ ಚಿಲಕ ಹಾಕಿ ಹೊರಡುತ್ತಿದ್ದೆವು. ನದಿ ಕಡೆಯಿಂದ ಪಾರ್ಕಿನ ಮುಖ್ಯ ಕಚೇರಿ ಇರುವ ಪ್ಯಾಂಥರ್ ಜಂಕ್ಷನ್‌ಗೆ 20 ಮೈಲಿ, ಉದ್ದಕ್ಕೂ ಏರು. ಅಲ್ಲಿಂದ ಮುಂದೆ ಬೇಸಿನ್ ರಸ್ತೆ. ಆಗುಂಬೆ ಘಾಟಿ ಓಡಿಸಿದವರಿಗೆ ತಿರುವುಗಳು ಹೊಸದೇನಲ್ಲ, ಅಲ್ಲೂ ದೊಡ್ಡ ಗಾಡಿ ಬಿಡಲ್ಲ ಅಲ್ವಾ, ಇಲ್ಲೂ ಅದೇ ಕಾರಣ. ಇಳಿಜಾರು ಕೆಲವು ಕಡೆ ನೂರಕ್ಕೆ 15ರಷ್ಟಿದೆ. ನಮ್ಮನೆಯವರು ಓಡಿಸುತ್ತಿದ್ದರು. ಏರುವಾಗ ಎಸಿ ಆಫ್ ಮಾಡಿ ಎಂಜಿನ್ನಿನ ಬಿಸಿ ನೋಡಿಕೊಂಡರು. ಇಳಿಯುವಾಗ ಗೇರ್ ಎರಡಕ್ಕೆ ಹಾಕಿ, ಬ್ರೇಕ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಂದರು. ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ಇಳಿದರೆ ಇಂಥ ಭಾರದ ಗಾಡಿಯಲ್ಲಿ ಬ್ರೇಕ್ ಕಾದು ಹಿಡಿಯೋದೇ ಇಲ್ಲ.

ಮೇಲೆ ಬಾಗಿಲು ತೆರೆದು ಇಳಿದ ತಕ್ಷಣ ಅಪ್ಪ "ಇದು ಬೇರೆ ಊರು ಕಣಮ್ಮ" ಅಂದರು. ಸುತ್ತ ಕೆಂಪು ಕಲ್ಲಿನ ಗೋಡೆಗಳಂತೆ ಬೆಟ್ಟ, ಮಧ್ಯೆ ಬಟ್ಟಲಿನಂಥ ಜಾಗ, ಜುನಿಪರ್, ಓಕ್ ಮರಗಳು, ಗಾಳಿ. ಅಪ್ಪ ಅಮ್ಮನಿಗೆ ವಿಂಡೋ ವ್ಯೂ ದಾರಿ ಸಾಕಾಯಿತು. ಮೂರನೇ ಒಂದು ಮೈಲಿಯೂ ಇಲ್ಲ, ಪಕ್ಕಾ ಹಾಸಿದ ದಾರಿ, ಕೂರೋಕೆ ಬೆಂಚುಗಳಿವೆ. ಬೆಟ್ಟಗಳ ಸಂದಿನಲ್ಲಿ ದೂರದ ಮರುಭೂಮಿ ಕಾಣುತ್ತದೆ. ಅವರು ಅಲ್ಲಿ ಕೂತೇ ಮಧ್ಯಾಹ್ನ ಕಳೆದರು, ಊಟವೂ ಅಲ್ಲೇ. ಲಾಸ್ಟ್ ಮೈನ್ ಅನ್ನುವ ದಾರಿ ಹೋಗಿ ಬರೋಕೆ 4.8 ಮೈಲಿ, ತುಂಬಾ ಹೆಸರುವಾಸಿ, ಆದರೆ ಅದರ ಪಾರ್ಕಿಂಗ್ ಜಾಗ ಪುಟ್ಟದು, ಆರ್‌ವಿಗೆ ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಕರಡಿಗಳು ಇರುವ ಜಾಗ, ಊಟದ ಡಬ್ಬಿ ಹೊರಗೆ ಬಿಡಬಾರದು. ಬೇಸಿನ್‌ನಲ್ಲಿ ಹಳೆಯ ಲಾಡ್ಜ್ ಕಟ್ಟಡ ತೆಗೆದು ಹೊಸದು ಕಟ್ಟುವ, ನೀರಿನ ಪೈಪು ಬದಲಿಸುವ ದೊಡ್ಡ ಯೋಜನೆ ಇದೆ. ಹೊರಡುವ ಮೊದಲು ಬೇಸಿನ್ ರಸ್ತೆ ತೆರೆದಿದೆಯಾ ಅಂತ ಪಾರ್ಕಿನ ವೆಬ್‌ಸೈಟ್ ನೋಡಲೇಬೇಕು. ಅದು ಮುಚ್ಚಿದ್ದರೆ ಬೇಸಿಗೆಯಲ್ಲಿ ಆರ್‌ವಿ ತಗೊಂಡು ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ.

ಕೆಳಗೆ ನದಿ ಹತ್ತಿರ ಬೆಳಿಗ್ಗೆ 7ರಿಂದ 9, ಸಂಜೆ ಸೂರ್ಯ ಇಳಿದ ಮೇಲೆ ಓಡಾಡಬಹುದು. ಕ್ಯಾಂಪ್‌ಗ್ರೌಂಡ್ ಪಕ್ಕದ ನೇಚರ್ ಟ್ರೇಲ್ ಮುಕ್ಕಾಲು ಮೈಲಿ, ಕೊಳದ ಮೇಲೆ ಹಲಗೆಯ ಸೇತುವೆ ಇದೆ, ಕೊನೆಗೆ ಸಣ್ಣ ಗುಡ್ಡ. ಕುಂಕುಮದಷ್ಟು ಕೆಂಪಿರುವ ವರ್ಮಿಲಿಯನ್ ಫ್ಲೈಕ್ಯಾಚರ್ ಹಕ್ಕಿ ಅಲ್ಲೇ ನೋಡಿದ್ದು. ಗಾಡಿಗಳ ನಡುವೆ ರೋಡ್‌ರನ್ನರ್ ಓಡಾಡುತ್ತಿರುತ್ತದೆ. ಹ್ಯಾವಲೀನ ಅಂತ ಹಂದಿಯಂತೆ ಕಾಣುವ ಪ್ರಾಣಿಗಳು ಸಂಜೆ ಗುಂಪಾಗಿ ಬರುತ್ತವೆ, ಹತ್ತಿರ ಹೋಗಬೇಡಿ. ಬಿಸಿನೀರಿನ ಬುಗ್ಗೆ ಇದೆ, ನೀರು 105 ಡಿಗ್ರಿ ಫ್ಯಾರನ್‌ಹೀಟ್. ಅಲ್ಲಿಗೆ ಹೋಗುವ ಕಿರಿದಾದ ರಸ್ತೆಗೆ ಆರ್‌ವಿ ಬಿಡಲ್ಲ, 22 ಅಡಿಯದ್ದೂ ಇಲ್ಲ. ಕಾಲುದಾರಿಯಲ್ಲಿ ಹೋದರೆ ಒಂದು ಕಡೆಗೆ 3 ಮೈಲಿ, ನೆರಳೇ ಇಲ್ಲ. ನಾವು ಬಿಟ್ಟೆವು. ಚಳಿಗಾಲದಲ್ಲಿ ಹೋಗಬೇಕಾದ ಜಾಗ ಅದು.

ಬಿಸಿಲಿನ ಬಗ್ಗೆ ಒಂದು ಮಾತು, ಬಳ್ಳಾರಿ, ರಾಯಚೂರು ಕಡೆಯವರಿಗೂ ಸೇರಿಸಿ ಹೇಳುತ್ತಿದ್ದೇನೆ. ಇಲ್ಲಿಯ ಗಾಳಿ ತುಂಬಾ ಒಣ, ಬೆವರು ಬಂದದ್ದೇ ಗೊತ್ತಾಗಲ್ಲ, ಬಂದ ತಕ್ಷಣ ಆರಿಹೋಗುತ್ತದೆ. ಬಾಯಾರಿಕೆ ಆಗುವ ತನಕ ಕಾಯಬಾರದು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು ಅಂತ ಪಾರ್ಕಿನವರು ಹೇಳೋದು ಸುಮ್ನೆ ಅಲ್ಲ. 2023ರ ಜೂನ್‌ನಲ್ಲಿ ಮಾರುಫೊ ವೇಗಾ ದಾರಿಯಲ್ಲಿ 14 ವರ್ಷದ ಹುಡುಗ ಬಿಸಿಲಿಗೆ ಕುಸಿದು ತೀರಿಕೊಂಡ, ಸಹಾಯ ತರೋಕೆ ಓಡಿದ ಅವನ ಮಲತಂದೆಯೂ ಕಾರು ಅಪಘಾತದಲ್ಲಿ ಹೋದರು. ಆ ದಿನ ಅಲ್ಲಿ 119 ಡಿಗ್ರಿ. ಆ ದಾರಿ ಇರೋದು ರಿಯೋ ಗ್ರಾಂಡೆ ವಿಲೇಜ್‌ನಿಂದ ಸ್ವಲ್ಪವೇ ದೂರ. ಪಾರ್ಕಿನಲ್ಲಿ ಬಹಳ ಕಡೆ ಫೋನ್ ಸಿಗಲ್ಲ, ಆಸ್ಪತ್ರೆ ಇರೋದು ಆಲ್ಪೈನ್‌ನಲ್ಲಿ, ನೂರು ಮೈಲಿ ದೂರ. ಅಪ್ಪನ ಬಿಪಿ ಮಾತ್ರೆ, ಓಆರ್‌ಎಸ್ ಪುಡಿ ಜಾಸ್ತಿಯೇ ಇಟ್ಟುಕೊಂಡಿದ್ದೆವು.

ರಾತ್ರಿ ಮಾತ್ರ ಈ ಜಾಗಕ್ಕೆ ಸಾಟಿ ಇಲ್ಲ. 2012ರಲ್ಲೇ ಇದಕ್ಕೆ ಇಂಟರ್‌ನ್ಯಾಷನಲ್ ಡಾರ್ಕ್ ಸ್ಕೈ ಪಾರ್ಕ್ ಅನ್ನುವ ಮಾನ್ಯತೆ ಸಿಕ್ಕಿದೆ. ಮರುಭೂಮಿ ಆದ್ದರಿಂದ ಕತ್ತಲಾದ ಮೇಲೆ ಬೇಗ ತಣ್ಣಗಾಗುತ್ತದೆ, ನಡುರಾತ್ರಿ ಹೊತ್ತಿಗೆ ಎಸಿ ಆಫ್ ಮಾಡಿ ಕಿಟಕಿ ತೆರೆಯುತ್ತಿದ್ದೆವು. ಹೊರಗಿನ ದೀಪ ಹಾಕಬೇಡಿ, ಕೆಂಪು ಬೆಳಕಿನ ಟಾರ್ಚ್ ಇದ್ದರೆ ಒಳ್ಳೆಯದು. ಆದರೆ ಟಾರ್ಚ್ ಇಲ್ಲದೆ ಓಡಾಡಬೇಡಿ, ಹಾವು ಚೇಳು ಎರಡೂ ಇವೆ, ಚಪ್ಪಲಿ ಹೊರಗೆ ಬಿಟ್ಟಿದ್ದರೆ ಒದರಿ ಹಾಕಿಕೊಳ್ಳಿ.

ಕೊನೆಯ ರಾತ್ರಿಗೆ ಒಳಗೆ ಜಾಗ ಸಿಗದೆ ಪಾರ್ಕಿನ ಹೊರಗೆ ಒಂದು ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ನಿಂತೆವು. ಸಂಜೆ ಎಲ್ಲರೂ ಎಸಿ ಹಾಕಿದ ಕೂಡಲೇ ವೋಲ್ಟೇಜ್ ಇಳಿಯಿತು, ದಾರಿಯಲ್ಲಿ ಕೊಂಡಿದ್ದ ಪ್ರೊಟೆಕ್ಟರ್ 104 ವೋಲ್ಟ್ ಹತ್ತಿರ ತಾನೇ ಕರೆಂಟ್ ಕಡಿಯುತ್ತಿತ್ತು. ಹೇಳಿದರೆ "ಎಲ್ಲರಿಗೂ ಹೀಗೇ" ಅಂದರು. ಲೋ ವೋಲ್ಟೇಜ್‌ನಲ್ಲಿ ಎಸಿ ಓಡಿಸಿದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ, ಅದರ ದುಡ್ಡು ನಿಮ್ಮ ಡೆಪಾಸಿಟ್‌ನಲ್ಲಿ ಹಿಡಿಯುತ್ತಾರೆ. ಪ್ರೊಟೆಕ್ಟರ್‌ಗೆ ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು.

ನನ್ನ ಅಂಕ: ರಿಯೋ ಗ್ರಾಂಡೆ ವಿಲೇಜ್ ಆರ್‌ವಿ ಜಾಗಕ್ಕೆ ಬಿಸಿಲುಕಾಲದಲ್ಲಿ ಐದಕ್ಕೆ ನಾಲ್ಕು, ಚಳಿಗಾಲದಲ್ಲಿ ಮೂರು, ಯಾಕೆಂದರೆ ಆಗ ಪಕ್ಕದ ಮರಗಳ ಜಾಗವೇ ಮೇಲು. ಇಡೀ ಪಾರ್ಕಿಗೆ ಐದಕ್ಕೆ ಐದು. ಪ್ರವೇಶಕ್ಕೆ ಒಂದು ಗಾಡಿಗೆ 30 ಡಾಲರ್, 7 ದಿನ ನಡೆಯುತ್ತದೆ. ಪಾರ್ಕ್ ಸರ್ವಿಸ್‌ನ ಜಾಗಗಳನ್ನು ರಿಕ್ರಿಯೇಷನ್ ಡಾಟ್ ಗವ್ ವೆಬ್‌ಸೈಟ್‌ನಲ್ಲಿ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು, ಮಾರ್ಚ್‌ನ ಶಾಲಾ ರಜೆಗಂತೂ ಬೇಗ ಖಾಲಿ. ನಿಮಗೆ ತಿಂಗಳು ಆರಿಸುವ ಅವಕಾಶ ಇದ್ದರೆ ನವೆಂಬರ್‌ನಿಂದ ಫೆಬ್ರವರಿ ಹೋಗಿ. ಅಪ್ಪ ಅಮ್ಮ ಬರೋದೇ ಬೇಸಿಗೆಗೆ ಅನ್ನುವವರು ಏಪ್ರಿಲ್ ಮುಗಿಯುವ ಮುಂಚೆ ಹೋಗಿ, ಮೇ ಜೂನ್ ಬೇಡವೇ ಬೇಡ.

ವೀಸಾದಲ್ಲಿರುವವರು ಗಮನಿಸಿ. ನದಿ ದಾಟಿ ದೋಣಿಯಲ್ಲಿ ಬೊಕಿಯಾಸ್ ಅನ್ನುವ ಮೆಕ್ಸಿಕೋ ಹಳ್ಳಿಗೆ ಹೋಗಿ ಊಟ ಮಾಡಿ ಬರಬಹುದು, 2013ರಿಂದ ಅಧಿಕೃತ ದಾರಿ ಇದೆ, ವಾರದ ಎಲ್ಲಾ ದಿನ ತೆರೆದಿರಲ್ಲ. ಅದು ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬಂದ ಹಾಗೇ ಲೆಕ್ಕ. ಎಚ್-1ಬಿ ಇರಲಿ, ಅಪ್ಪ ಅಮ್ಮನ ವಿಸಿಟರ್ ವೀಸಾ ಇರಲಿ, ವಕೀಲರನ್ನು ಕೇಳದೆ ದಾಟಬೇಡಿ. ನಾವು ಈಚೆ ದಡದಲ್ಲೇ ಉಳಿದೆವು. ದಾಟದಿದ್ದರೂ ಕಾಗದ ಪತ್ರ ಬೇಕು. ಪಾರ್ಕಿನಿಂದ ಉತ್ತರಕ್ಕೆ ವಾಪಸ್ ಬರುವಾಗ ಮ್ಯಾರಥಾನ್ ಅನ್ನುವ ಊರಿನ ದಾರಿಯಲ್ಲೂ ಆಲ್ಪೈನ್ ದಾರಿಯಲ್ಲೂ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾಯುವವರ) ತಪಾಸಣೆ ಇದೆ, ಎಲ್ಲಾ ಗಾಡಿಗಳನ್ನೂ ನಿಲ್ಲಿಸುತ್ತಾರೆ. ಎಲ್ಲರ ಪಾಸ್‌ಪೋರ್ಟ್, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಪ್ರಿಂಟ್ ಒಂದು ಕವರ್‌ನಲ್ಲಿ ಹಾಕಿ ಡ್ರೈವರ್ ಪಕ್ಕದಲ್ಲೇ ಇಡಿ. ಹಿಂದಿನ ಹಾಸಿಗೆ ಕೆಳಗಿನ ಸೂಟ್‌ಕೇಸ್‌ನಲ್ಲಿ ಇಟ್ಟರೆ ಆ ಇಕ್ಕಟ್ಟಿನಲ್ಲಿ ತೆಗೆಯೋದು ಕಷ್ಟ. ನಮ್ಮನ್ನು ಎಲ್ಲಿಂದ ಬಂದಿರಿ, ಎಷ್ಟು ಜನ ಅಂತ ಕೇಳಿ, ಕಾಗದ ನೋಡಿ ಬಿಟ್ಟರು.